ಸಿಸ್ಟೆಮಿಕ್ ಅಂದರೆ ಎಂಥದು?

ಮದ್ದಿನ ಬಾಟಲಿಗಳ ಲೇಬಲ್ಲಿನಲ್ಲಿ 'ಸಿಸ್ಟೆಮಿಕ್' ಎಂಬ ವಿಶೇಷಣ ಕಾಣಸಿಗುತ್ತದೆ. ಒಳ್ಳೆ ಪವರ್ ಉಳ್ಳದ್ದು ಎಂದು ನಮ್ಮಲ್ಲಿ ಹಲವರ ಎಣಿಕೆ. ಹಾಗಲ್ಲ. ಆ ಪದ ಮದ್ದಿನ ಬಲವನ್ನು ಹೇಳುವುದಿಲ್ಲ, ಅದು ಹೋಗುವ ದಾರಿಯನ್ನು ಹೇಳುತ್ತದೆ.

ಪದದ ಮೂಲ ಗ್ರೀಕ್. 'ಸಿನ್' ಎಂದರೆ ಒಟ್ಟಿಗೆ, 'ಹಿಸ್ಟೆಮಿ' ಎಂದರೆ ನಿಲ್ಲಿಸು. ಎರಡೂ ಕೂಡಿ 'ಸಿಸ್ಟೆಮಾ', ಅಂದರೆ ಹಲವು ಭಾಗ ಸೇರಿ ನಿಂತ ಒಂದು ಇಡೀ ವ್ಯವಸ್ಥೆ. ಸಿಸ್ಟಮ್ ಹುಟ್ಟಿದ್ದು ಅದರಿಂದ. ಒಂದೇ ಅಂಗದಲ್ಲಿ ನಿಲ್ಲದೆ ಇಡೀ ಶರೀರಕ್ಕೆ ಹಬ್ಬುವ ಕಾಯಿಲೆಗೆ 19ನೇ ಶತಮಾನದ ವೈದ್ಯರು ಸಿಸ್ಟೆಮಿಕ್ ಎಂದರು. 1940ರ ದಶಕದಲ್ಲಿ ಜರ್ಮನಿಯ ಗೆರ್ಹಾರ್ಡ್ ಶ್ರಾಡರ್ ಗಿಡದ ರಸಕ್ಕೆ ಸೇರಿ ಕೀಟ ಕೊಲ್ಲುವ ಶ್ರಾಡಾನ್ ಕಂಡುಹಿಡಿದರು. ಮುಂದೆ ಅಂಥ ಮದ್ದಿಗೂ ಇದೇ ಹೆಸರು. 'ಸಿಸ್ಟಮ್ಯಾಟಿಕ್' ಇದರ ದಾಯಾದಿ ಪದ. ಆದರೆ ಅದಕ್ಕೆ ಕ್ರಮಬದ್ಧ ಎಂದು ಅರ್ಥ. ನಮ್ಮ ಕೃಷಿ ಪುಸ್ತಕಗಳು ಸಿಸ್ಟೆಮಿಕ್ಕಿಗೆ 'ಅಂತರ್ವ್ಯಾಪಿ' ಎನ್ನುತ್ತವೆ.

ಇದಕ್ಕೆ ವಿರುದ್ಧವಾದದ್ದು ಸ್ಪರ್ಶ ಮದ್ದು. ಮೈಲುತುತ್ತು, ಸುಣ್ಣ ಸೇರಿಸಿ ಮಾಡುವ ಬೋರ್ಡೋ ಆ ಜಾತಿಯದು. ಅಡಿಕೆಯ ಮೈಮೇಲೆ ಕೂತು ಕಾಯುತ್ತದೆ, ಒಳಗೆ ಇಳಿಯುವುದಿಲ್ಲ. ಆದ್ದರಿಂದಲೇ ಕೊಳೆರೋಗಕ್ಕೆ ಮದ್ದು ಬಿಡುವಾಗ ಪ್ರತಿ ಗೊನೆಯೂ ಒದ್ದೆಯಾಗಬೇಕು. ತಾಗದ ಕಾಯಿಗೆ ರಕ್ಷಣೆ ಇಲ್ಲ.

ಅಂತರ್ವ್ಯಾಪಿಯ ಕೆಲಸ ನೋಡಲಿಕ್ಕೆ ತೆಂಗಿನ ಬೇರಿಗೆ ಮದ್ದು ಉಣಿಸುವ ಕ್ರಮ ನೆನಪಿಸಿಕೊಳ್ಳಿ. ಬೇರಿನ ತುದಿ ಓರೆಯಾಗಿ ಕೊಯ್ದು ಮದ್ದಿನ ಪ್ಲಾಸ್ಟಿಕ್ ತೊಟ್ಟೆಯಲ್ಲಿ ಇಟ್ಟು ಕಟ್ಟಿದರೆ ಮರವೇ ಅದನ್ನು ಹೀರಿ ನೆತ್ತಿಗೆ ಮುಟ್ಟಿಸುತ್ತದೆ. ಸೋಗೆ ತಿನ್ನುವ ಹುಳ ಅಲ್ಲಿ ಸಾಯುತ್ತದೆ. ಇಂಥ ಹೆಚ್ಚಿನ ಮದ್ದುಗಳು ನೀರಿನೊಟ್ಟಿಗೆ ಮೇಲಕ್ಕೇ ಹೋಗುತ್ತವೆ. ಎಲೆಗೆ ಬಿಟ್ಟದ್ದು ಬೇರಿಗೆ ಇಳಿದೀತು ಎಂದು ನಂಬಬಾರದು.

ಈ ಪದದಲ್ಲಿ ಒಂದು ಎಚ್ಚರಿಕೆಯೂ ಉಂಟು. ಅಲಸಂಡೆಗೆ ಮದ್ದು ಬಿಟ್ಟವರು "ಚೆನ್ನಾಗಿ ತೊಳೆದರೆ ಆಯ್ತಲ್ಲ" ಎನ್ನುವುದನ್ನು ನಾನು ಬಹಳ ಸಲ ಕೇಳಿದ್ದೇನೆ. ಮೈಮೇಲಿನದ್ದು ತೊಳೆದರೆ ಅಷ್ಟಿಷ್ಟು ಹೋದೀತು. ರಸದಲ್ಲಿ ಸೇರಿದ್ದನ್ನು ತೊಳೆಯುವುದು ಹೇಗೆ? ಅದನ್ನು ಕಡಿಮೆ ಮಾಡುವುದು ದಿನಗಳು ಮಾತ್ರ. ತೆಂಗಿನ ಬೇರಿಗೆ ಉಣಿಸುವ ಮೊದಲು ಬಲಿತ ಕಾಯಿ ಕೊಯ್ಯಿರಿ, ಮತ್ತೆ 45 ದಿನ ಕೊಯ್ಯಬೇಡಿ ಎಂಬ ಸೂಚನೆ ಬಂದದ್ದು ಇದಕ್ಕೇ. ಹೂವಿನ ಮಕರಂದ, ಪರಾಗಕ್ಕೂ ಅದು ಸೇರಬಹುದು. ಜೇನಿಗೆ ಅಪಾಯವೆಂದೇ 2018ರಲ್ಲಿ ಯುರೋಪಿನ ಒಕ್ಕೂಟ ಇಮಿಡಾಕ್ಲೋಪ್ರಿಡ್ ಸಹಿತ ಮೂರು ಅಂತರ್ವ್ಯಾಪಿಗಳನ್ನು ಬಯಲು ಬೆಳೆಗೆ ನಿಲ್ಲಿಸಿತು. ನಾವು ಬಾಳೆಯ ಬುಡಕ್ಕೆ ಹಾಕುತ್ತಿದ್ದ ಫೋರೇಟ್ ಹರಳೂ ಅಂತರ್ವ್ಯಾಪಿಯೇ; ಅದಕ್ಕೆ ನಮ್ಮ ದೇಶದಲ್ಲಿ 2020ರ ಡಿಸೆಂಬರ್ 31ರಿಂದ ನಿಷೇಧ.

ಲೇಬಲ್ಲಿನಲ್ಲಿ ಸಿಸ್ಟೆಮಿಕ್ ಎಂದು ಕಂಡರೆ ಅಲ್ಲಿಗೇ ಓದು ನಿಲ್ಲಿಸಬೇಡಿ. ಯಾವ ಬೆಳೆಗೆ, ಮದ್ದು ಬಿಟ್ಟು ಎಷ್ಟು ದಿನದ ಮೇಲೆ ಕೊಯ್ಲು ಎಂಬುದನ್ನೂ ಹುಡುಕಿ. ದಿನಾ ಕೊಯ್ಯುವ ತರಕಾರಿಗೆ ಅಷ್ಟು ದಿನ ಕಾಯಲು ಆಗದಿದ್ದರೆ ಆ ಬಾಟಲಿ ಅಂಗಡಿಯಲ್ಲೇ ಇರಲಿ.