ಮುಂಗಡ ಕೊಡುವ ಮೊದಲು

ತಮ್ಮಾ, ಬೀದರಿನ ಚೌಬಾರಾ ಹತ್ತಿರದ ಬಾಡಿಗೆ ಮನೆ ಬಿಟ್ಟು ನೌಬಾದ ಕಡೆ ಪ್ಲಾಟು ನೋಡುತ್ತಿದ್ದೀ ಅಂತ ನಿನ್ನವ್ವ ಫೋನಿನಲ್ಲಿ ಹೇಳಿದಳು. ಸಂತೋಷವಾಯಿತು. ಹಳೇ ಪೇಟೆಯ ಆ ಇಕ್ಕಟ್ಟು ಓಣಿಯಲ್ಲಿ ಗಾಡಿ ನಿಲ್ಲಿಸಲು ಜಾಗವಿಲ್ಲ, ಮಕ್ಕಳು ಆಡಲು ಅಂಗಳವಿಲ್ಲ. ನೌಬಾದ ನಾಲ್ಕೈದು ಕಿಲೋಮೀಟರ್ ಅಷ್ಟೇ; ನಾಳೆ ಭಾಲ್ಕಿಗೆ ವರ್ಗವಾದರೂ ಊರು ದಾಟುವ ತಾಪತ್ರಯವಿಲ್ಲ. ಹೋಗು. ಆದರೆ ಈ ಮಾವನ ಒಂದು ಮಾತು ಕೇಳಿ ಹೋಗು.

ಪ್ಲಾಟು ತೋರಿಸುವವರು ರಸ್ತೆಯ ಅಗಲ ತೋರಿಸುತ್ತಾರೆ. ನೀನು ನೀರು ಕೇಳು. ನಾನು ಊರಾಚೆ ಮನೆ ಕಟ್ಟಿಸುವಾಗ ಜಾಗ ನೋಡಿದ್ದು ದೀಪಾವಳಿಯಲ್ಲಿ. ಅಕ್ಕಪಕ್ಕದ ಬಾವಿಗಳು ತುಂಬಿದ್ದವು. ಎರಡನೇ ಬೇಸಿಗೆಗೆ ನಮ್ಮ ಬೋರು ಬತ್ತಿತು. ನಿನ್ನ ಅತ್ತೆ ಕೊಡ ಹಿಡಿದು ಟ್ಯಾಂಕರಿನ ಹಿಂದೆ ಓಡಿದ್ದು ಇನ್ನೂ ನನ್ನ ಕಣ್ಣಲ್ಲಿದೆ. ಅದಕ್ಕೇ ಮೇ ತಿಂಗಳಲ್ಲಿ, ಬೆಳಗಿನ ಹೊತ್ತು ಹೋಗಿ ಅಲ್ಲಿಯ ಹೆಣ್ಣುಮಕ್ಕಳನ್ನು ಕೇಳು: ನಳ ಎಷ್ಟು ದಿನಕ್ಕೊಮ್ಮೆ ಬರುತ್ತದೆ, ಬೋರು ಎಷ್ಟು ಫೂಟು, ಟ್ಯಾಂಕರ್ ಯಾವ ತಿಂಗಳಿಂದ. 2016ರ ಬರ ಮರೆತಿಲ್ಲ ತಾನೆ? ನೆರೆಯ ಲಾತೂರಿಗೆ ಮಿರಜಿನಿಂದ ರೈಲಿನಲ್ಲಿ ನೀರು ತಂದರು. ಆ ಹೊತ್ತಿನಲ್ಲಿ ನಮ್ಮ ಜಿಲ್ಲಾಧಿಕಾರಿ ಅನುರಾಗ್ ತಿವಾರಿ ಹಳೆಯ ತೆರೆದ ಬಾವಿಗಳ ಹೂಳು ತೆಗೆಸಿದರು. ಕಸದ ತಿಪ್ಪೆಯಾಗಿದ್ದ ಬಾವಿಯಲ್ಲಿ ನೀರು ಕಂಡಾಗ ನನ್ನಂಥವರ ಕಣ್ಣು ತುಂಬಿತ್ತು.

ನೌಬಾದದ ನೆಲದಡಿ ಸುರಂಗ ಬಾವಿಯೂ ಇದೆ, ಕರೇಜ್ ಅನ್ನುತ್ತಾರಲ್ಲ, ಅದು. 15ನೇ ಶತಮಾನದಲ್ಲಿ ಬಹಮನಿ ಸುಲ್ತಾನರು ರಾಜಧಾನಿಯನ್ನು ಕಲಬುರಗಿಯಿಂದ ಬೀದರಿಗೆ ತಂದರು. ಇರಾನಿನ ಈ ವಿದ್ಯೆ ಇಲ್ಲಿ ನೆಲೆಯಾದದ್ದು ಅವರ ಕಾಲದಲ್ಲಿ. ನಮ್ಮ ಕೆಂಪು ಕಲ್ಲಿನ ತುಂಬ ತೂತು. ಮಳೆ ನೀರು ಅದರೊಳಗೆ ಇಳಿದು ಕೆಳಗಿನ ಕರಿಕಲ್ಲಿನ ಮೇಲೆ ನಿಲ್ಲುತ್ತದೆ. ಆ ನೀರನ್ನು ತುಸುವೇ ಇಳಿಜಾರಿನ ಸುರಂಗದಲ್ಲಿ, ಏತವಿಲ್ಲ ಮೋಟರಿಲ್ಲ, ತಾನಾಗಿ ಹರಿಯುವಂತೆ ಮಾಡಿದರು. ಮಣ್ಣೆತ್ತಲು, ಗಾಳಿಯಾಡಲು ಮೇಲಿನಿಂದ ಬಾವಿಯಂಥ ಕಿಂಡಿಗಳನ್ನು ಸಾಲಾಗಿ ತೋಡಿದರು. ನೌಬಾದ ಅಂದರೆ ಹೊಸ ವಸತಿ. ಆ ಹೆಸರಿಗೆ ತಕ್ಕಂತೆ ಈಗ ಹೊಸ ಮನೆಗಳು ಆ ಕಿಂಡಿಗಳ ಬಾಯಿಯವರೆಗೂ ಬಂದಿವೆ.

ನಿನ್ನ ಪ್ಲಾಟು ಆ ಸಾಲಿನ ಮೇಲಿದ್ದರೆ ಎಷ್ಟು ಸೋವಿಗೆ ಕೊಟ್ಟರೂ ಬೇಡ. ಪಾಯದಡಿ ಪೊಳ್ಳು ಎನ್ನುವ ಭಯಕ್ಕಷ್ಟೇ ಹೇಳುತ್ತಿಲ್ಲ. ಕೆಂಪು ಕಲ್ಲು ಮಳೆ ನೀರನ್ನು ಒಳಗೆ ಬಿಟ್ಟುಕೊಂಡ ಹಾಗೆಯೇ ಸಂಡಾಸದ ಗುಂಡಿಯ ಹೊಲಸನ್ನೂ ಬಿಟ್ಟುಕೊಳ್ಳುತ್ತದೆ. ಹಿರಿಯರು ಅಷ್ಟು ಕಷ್ಟಪಟ್ಟು ತೋಡಿದ ನೀರಿಗೆ ನಮ್ಮ ಮನೆಯ ಹೊಲಸು ಸೇರಬಾರದು, ತಮ್ಮಾ.

ಇನ್ನು ಕಾಗದ. ಬರೀ ಬಾಂಡ್ ಮೇಲೆ ಬರೆದುಕೊಡುತ್ತೇನೆ ಅಂದರೆ ಅಲ್ಲಿಗೇ ಕೈಬಿಡು. ಎನ್‌ಎ (ಕೃಷಿಯೇತರ) ಆದೇಶ, ನಗರಾಭಿವೃದ್ಧಿ ಪ್ರಾಧಿಕಾರ ಒಪ್ಪಿದ ನಕ್ಷೆ, ಇ-ಖಾತಾ ಇರಲೇಬೇಕು. ರಾತ್ರಿ ಒಮ್ಮೆ ಆ ಜಾಗದಲ್ಲಿ ನಿಂತು ಕೊಳಾರ ಕೈಗಾರಿಕಾ ಪ್ರದೇಶದ ಕಡೆಯ ಗಾಳಿ ಹೇಗಿದೆ ನೋಡು. ಹೆಂಡತಿಯನ್ನು ಕರೆದುಕೊಂಡು ಹೋಗು. ಕತ್ತಲಾದ ಮೇಲೆ ಆಟೊ ಸಿಗುತ್ತದೋ ಇಲ್ಲವೋ, ಬೀದಿ ದೀಪ ಎಲ್ಲಿಯವರೆಗೆ ಇದೆ, ನಿನಗಿಂತ ಮೊದಲು ಅವಳ ಕಣ್ಣಿಗೆ ಬೀಳುತ್ತದೆ.

ಬರುವ ಭಾನುವಾರ ನಕ್ಷೆ ಹಿಡಿದು ಬಾ. ಮೊಣಕಾಲು ನೋಯುತ್ತದೆ, ಆದರೂ ನಡೆಯುತ್ತೇನೆ. ಕಿಂಡಿಗಳ ಸಾಲು ಎಲ್ಲಿ ಹಾದಿದೆ, ನಿನ್ನ ಪ್ಲಾಟು ಎಲ್ಲಿ ಬರುತ್ತದೆ, ಇಬ್ಬರೂ ಕಣ್ಣಾರೆ ನೋಡೋಣ. ಅಲ್ಲಿಯವರೆಗೆ ಮುಂಗಡ ಕೊಡಬೇಡ.