ಗುತ್ತಿಗೆಯ ನೆಲದಲ್ಲಿ ಕೀಟನಾಶಕ



ಸರ್ಕಾರದಿಂದ ಗುತ್ತಿಗೆಗೆ ಪಡೆದ ಕಾಫಿ ತೋಟದಲ್ಲಿ ಕಾಂಡಕೊರಕದ ಬಾಧೆಗೆ ಇಚ್ಛೆಯಂತೆ ಔಷಧ ಸಿಂಪಡಿಸಬಹುದೇ ಎಂದು ಕೇಳಿರುವಿರಿ. ಗುತ್ತಿಗೆಯಿಂದ ಲಭಿಸುವುದು ಅನುಭೋಗದ ಹಕ್ಕೇ ಹೊರತು ಒಡೆತನವಲ್ಲವಾದುದರಿಂದ, ಮೊದಲು ಗುತ್ತಿಗೆ ಪತ್ರದ ಷರತ್ತುಗಳನ್ನು ಸಾವಧಾನವಾಗಿ ಓದಿ, ಸಂದೇಹವಿದ್ದಲ್ಲಿ ತಹಶೀಲ್ದಾರರಿಂದ ಲಿಖಿತ ಉತ್ತರವನ್ನು ಪಡೆಯತಕ್ಕದ್ದು. ಪತ್ರವು ಈ ವಿಷಯದಲ್ಲಿ ಮೌನವಾಗಿದ್ದರೂ 1968ರ ಕೀಟನಾಶಕ ಅಧಿನಿಯಮವೂ 1971ರ ನಿಯಮಗಳೂ ಸ್ವಂತ ಭೂಮಿಗೆ ಹೇಗೋ ಗುತ್ತಿಗೆಯ ಭೂಮಿಗೂ ಹಾಗೆಯೇ ಅನ್ವಯಿಸುವುವು.

ಡಬ್ಬಿಯ ಚೀಟಿಯಲ್ಲಿ ಕೆಂಪು ತ್ರಿಕೋನವು ಅತ್ಯುಗ್ರ ವಿಷವನ್ನೂ, ಹಳದಿ, ನೀಲಿ, ಹಸಿರುಗಳು ಕ್ರಮವಾಗಿ ಇಳಿಯುವ ಉಗ್ರತೆಯನ್ನೂ ಸೂಚಿಸುವುವೆಂದು ಅರಿತು, ಕಾಫಿಗೆಂದು ಅಲ್ಲಿ ನಮೂದಾಗಿರುವ ಔಷಧವನ್ನು ಮಾತ್ರ ಹೇಳಿದ ಪ್ರಮಾಣದಲ್ಲಿಯೇ ಬಳಸಿರಿ. 2011ರಲ್ಲಿ ಸರ್ವೋಚ್ಚ ನ್ಯಾಯಾಲಯವು ತಡೆದ ಎಂಡೋಸಲ್ಫಾನ್ ಹಳೆಯ ದಾಸ್ತಾನಿನಲ್ಲಿ ಉಳಿದಿದ್ದರೂ ಅದನ್ನು ಮುಟ್ಟಲಾಗದು. ಸಿಂಪಡಿಸುವ ಆಳಿಗೆ ಕೈಗವಸು, ಮುಖಗವಸುಗಳನ್ನು ಒದಗಿಸುವುದು ನಿಮ್ಮ ಹೊಣೆ. ಬರಿದಾದ ಡಬ್ಬಿಗಳನ್ನು ಒಡೆದು ವಸತಿಯಿಂದ ದೂರದಲ್ಲಿ ಹೂಳಬೇಕು. ಪಂಪನ್ನು ಹಳ್ಳದಲ್ಲಿ ತೊಳೆಯಲೇಬಾರದು, ಏಕೆಂದರೆ ಅದೇ ನೀರನ್ನು ಕುಡಿಯುವ ಕೆಳಗಿನ ಊರಿನವರ ಆರೋಗ್ಯವು ಯಾವ ಫಸಲಿಗಿಂತಲೂ ಹಿರಿದು.

ಕಾಂಡಕೊರಕ ಹೊಕ್ಕ ಗಿಡಗಳನ್ನು ದುಂಬಿ ಹೊರಬರುವ ಮುನ್ನವೇ ಗುರುತಿಸಿ, ಕಿತ್ತು ಸುಟ್ಟು, ನೆರಳಿನ ಮರಗಳನ್ನು ಉಳಿಸಿಕೊಂಡಲ್ಲಿ ಔಷಧದ ಅವಶ್ಯಕತೆಯೇ ಬಹುಮಟ್ಟಿಗೆ ತಗ್ಗುವುದು.