ಮೂಲ ಆದಾಯವೂ ವಾಸಸ್ಥಳವೂ

ದೇಶದ ಪ್ರತಿಯೊಬ್ಬರಿಗೂ, ದುಡಿಯಲಿ ಬಿಡಲಿ, ತಿಂಗಳು ತಿಂಗಳೂ ಒಂದೇ ಮೊತ್ತವನ್ನು ಯಾವ ಷರತ್ತೂ ಇಲ್ಲದೆ ಕೊಡುವ ಏರ್ಪಾಡಿಗೆ ಮೂಲ ಆದಾಯವೆಂದು ಹೆಸರು. ಅದು ಜಾರಿಗೆ ಬಂದರೆ ಜನರು ತಾವು ವಾಸಿಸುವ ಊರನ್ನು ಬದಲಾಯಿಸುವರೇ?

ಭೌತವಿಜ್ಞಾನ ಓದಿದವರಿಗೆ ಒಡನೆಯೇ ಒಂದು ಉತ್ತರ ಹೊಳೆಯುತ್ತದೆ. ನೀರು ಹರಿಯಲು ಎತ್ತರಗಳಲ್ಲಿ ವ್ಯತ್ಯಾಸವಿರಬೇಕು. ಎರಡು ತೊಟ್ಟಿಗಳನ್ನೂ ಒಂದೊಂದು ಮೀಟರು ಮೇಲೆತ್ತಿದರೆ ಅವುಗಳ ನಡುವಣ ಹರಿವು ಕಿಂಚಿತ್ತೂ ಬದಲಾಗದು. ಹಾಗೆಯೇ ಎಲ್ಲ ಊರುಗಳಲ್ಲಿಯೂ ಆದಾಯಕ್ಕೆ ಒಂದೇ ಮೊತ್ತ ಸೇರಿದರೆ ಜನರ ವಲಸೆಯೂ ಬದಲಾಗಬಾರದು. ತರ್ಕ ಸೊಗಸಾಗಿದೆ, ಆದರೆ ತಪ್ಪು. ಹಣದ ಬೆಲೆಯನ್ನು ಅಳೆಯುವ ಗಜಕಡ್ಡಿ ಊರಿಂದೂರಿಗೆ ಬೇರೆಯಾಗಿರುತ್ತದೆ.

ಒಬ್ಬನ ಸಂಪಾದನೆ ಹಳ್ಳಿಯಲ್ಲಿ 12,000 ರೂಪಾಯಿ, ನಗರಕ್ಕೆ ಹೋದರೆ 30,000 ಎಂದಿಟ್ಟುಕೊಳ್ಳಿ. (ಅಂಕಿಗಳು ಕಲ್ಪಿತ.) ನಗರದ ಜೀವನವೆಚ್ಚ ಹಳ್ಳಿಯದರ ಎರಡರಷ್ಟಿರಲಿ. ಆಗ ನಗರದ 30,000 ರೂಪಾಯಿ ಹಳ್ಳಿಯ 15,000ಕ್ಕೆ ಸಮ. ನಗರಕ್ಕೆ 3,000 ರೂಪಾಯಿಯ ಮೇಲುಗೈ. ಈಗ ಎರಡು ಕಡೆಗೂ 6,000 ಸೇರಿಸಿ. ಹಳ್ಳಿಯಲ್ಲಿ 18,000 ಆಯಿತು. ನಗರದಲ್ಲಿ 36,000, ಹಳ್ಳಿಯ ಬೆಲೆಯಲ್ಲಿ ಅದೂ 18,000ವೇ. ಮೇಲುಗೈ ಮಾಯವಾಯಿತು!

ಎದುರು ದಿಕ್ಕಿನ ಬಲವೂ ಒಂದುಂಟು. ಬೆಂಗಳೂರಿನಲ್ಲಿ ಮನೆ ಹಿಡಿಯಬೇಕಾದರೆ ಹಲವು ತಿಂಗಳ ಬಾಡಿಗೆಯನ್ನು ಮುಂಗಡವಾಗಿ ತೆರಬೇಕು. ಕೆಲಸ ಸಿಕ್ಕುವವರೆಗೆ ಊಟಕ್ಕೂ ದಾರಿ ಬೇಕು. ಭಾರವಾದ ಪೆಟ್ಟಿಗೆಯನ್ನು ಸರಿಸುತ್ತ ಹೋಗುವುದಕ್ಕಿಂತ ಮೊದಲು ಕದಲಿಸುವುದು ಕಷ್ಟ. ಘರ್ಷಣೆಯ ಸ್ವಭಾವವೇ ಹಾಗೆ. ಮೂಲ ಆದಾಯ ಕೈಗೆ ಬಂದರೆ, ಹೊರಡಲಾರದೆ ಉಳಿದಿದ್ದ ಬಡವನು ನಗರಕ್ಕೆ ಹೊರಟರೂ ಹೊರಟಾನು. ವೃದ್ಧ ತಂದೆತಾಯಿಗಳು ಊರಿನಲ್ಲಿರುವವನ ಲೆಕ್ಕವಂತೂ ಬೇರೆಯೇ.

ಫಿನ್ಲೆಂಡ್ ದೇಶವು 2017 ಮತ್ತು 2018ರಲ್ಲಿ 2,000 ನಿರುದ್ಯೋಗಿಗಳಿಗೆ ತಿಂಗಳಿಗೆ 560 ಯೂರೋ ಕೊಟ್ಟು ಪರೀಕ್ಷಿಸಿತು. ಎರಡೇ ವರ್ಷ ಬರುವ ಹಣವನ್ನು ನೆಚ್ಚಿ ಊರು ಬಿಡುವವರು ವಿರಳವೆಂದು ನನ್ನ ಎಣಿಕೆ. ದೀರ್ಘಕಾಲದ ನಿದರ್ಶನ ಅಮೆರಿಕದ ಅಲಾಸ್ಕ ಸಂಸ್ಥಾನದ್ದು. ಅಲ್ಲಿ ಪೆಟ್ರೋಲಿಯಂ ವರಮಾನದಿಂದ 1976ರಲ್ಲಿ ಸ್ಥಾಪಿತವಾದ ನಿಧಿಯ ಲಾಭಾಂಶವನ್ನು 1982ರಿಂದ ವರ್ಷಕ್ಕೊಮ್ಮೆ ನಿವಾಸಿಗಳಿಗೆ ಹಂಚಲಾಗುತ್ತಿದೆ. ಮೊದಲ ವರ್ಷ ತಲಾ 1,000 ಡಾಲರು ದೊರೆಯಿತು. ಜೀವನ ಸಾಗಿಸಲು ಅದು ಸಾಲದು. ಹೆಚ್ಚು ವರ್ಷ ನೆಲೆಸಿದವರಿಗೆ ಹೆಚ್ಚು ಹಣವೆಂದು 1980ರ ಕಾನೂನು ವಿಧಿಸಿದ್ದಿತು. ಹೊಸಬರಿಗೆ ಇದು ಭೇದವೆಂದು ಅಮೆರಿಕದ ಸರ್ವೋಚ್ಚ ನ್ಯಾಯಾಲಯ 1982ರಲ್ಲಿ ಅದನ್ನು ರದ್ದುಗೊಳಿಸಿತು. ಆದರೂ ಹಣ ಪಡೆಯಲು ಹಿಂದಿನ ವರ್ಷವಿಡೀ ಅಲ್ಲಿಯ ನಿವಾಸಿಯಾಗಿರಬೇಕೆಂಬ ನಿಯಮವುಂಟು. ಅಲಾಸ್ಕ ಬಿಟ್ಟು ಬೇರೆಡೆ ನೆಲೆಸಿದರೆ ಹಣವೂ ಹೋಯಿತು.

ನಮ್ಮ ಲೆಕ್ಕದ ಹಣವಾದರೋ ವ್ಯಕ್ತಿಯ ಹಿಂದೆಯೇ ಹೋಗುವಂಥದು. ಜನರು ಹಳ್ಳಿಗೆ ಮರಳಿದಂತೆಲ್ಲ ಅಲ್ಲಿನ ಬಾಡಿಗೆ ಏರುವುದೂ ಸಹಜ. ಹಳ್ಳಿಯ ಜೀವನವೆಚ್ಚ ನೂರಕ್ಕೆ ಹತ್ತರಷ್ಟು ಏರಿ ನಗರದ್ದು ಹಾಗೆಯೇ ಉಳಿದರೆ ಮೇಲುಗೈ ಯಾವ ಕಡೆಗೆ ವಾಲುವುದೆಂಬುದನ್ನು ವಿದ್ಯಾರ್ಥಿಗಳು ಮೇಲಿನ ಅಂಕಿಗಳಿಂದಲೇ ಲೆಕ್ಕ ಹಾಕಿ ನೋಡಬಹುದು.